ಮುಯ್ಯಿ ಪುಸ್ತಕದಲ್ಲೊಂದು ಕಾದಂಬರಿ



ಹದಿನೈದು ದಿನದ ಹಿಂದೆ ಆಕಾಶವಾಣಿಯಿಂದ ನನಗೊಂದು ಒಪ್ಪಂದ ಪತ್ರ ಬಂತು. ಭಾಷಣದ ದಿನ, ಹೊತ್ತು, ಎಷ್ಟು ನಿಮಿಷ, ವಿಷಯ ‘ಬರಹ ಮತ್ತು ಬದುಕು’, ಕೆಳಗೆ ಇಷ್ಟು ರೂಪಾಯಿ ಸಂಭಾವನೆ. ಒಪ್ಪಿಗೆಯಿದ್ದರೆ ಸಹಿ ಹಾಕಿ ಕಳಿಸಬೇಕು. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನನಗೆ ಬರುವ ಕರೆಯೋಲೆಗಳಲ್ಲಿ ದುಡ್ಡಿನ ಮೊತ್ತವನ್ನು ಮೊದಲೇ ಬರೆದಿರುವುದು ಇದೊಂದೇ. ಉಳಿದವುಗಳಲ್ಲಿ ‘ತಮ್ಮ ಆಗಮನವೇ ನಮ್ಮ ಭಾಗ್ಯ’ ಎಂದಿರುತ್ತದೆ. ಮೂವತ್ತೈದು ವರ್ಷದ ಅನುಭವದಿಂದ ಹೇಳುತ್ತೇನೆ, ಪತ್ರದಲ್ಲಿ ಭಾಗ್ಯ ಎಂಬ ಮಾತು ಕಂಡರೆ ಹೋಗುವ ಬಸ್ ಚಾರ್ಜು ನಮ್ಮದು. ‘ಸಾಹಿತ್ಯ ದಿಗ್ಗಜ’ ಎಂದೂ ಇದ್ದರೆ ಬರುವ ಚಾರ್ಜೂ ನಮ್ಮದೇ.

ಇದೇ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಹೂಡಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಪುರಾಣದಲ್ಲಿ ಆಕಾಶವಾಣಿ ನುಡಿದರೆ ಕಂಸನಂಥವನ ಎದೆ ನಡುಗುತ್ತಿತ್ತು. ನಾನು ನುಡಿಯುವುದರಿಂದ ಯಾವ ಕಂಸನಿಗೂ ಅಪಾಯವಿಲ್ಲ. ಆದರೆ ನನಗೆ ಕೊಟ್ಟ ವಿಷಯದಲ್ಲಿ ‘ಬದುಕು’ ಎಂಬ ಮಾತಿದೆ, ಬದುಕು ಎಂದರೆ ದುಡ್ಡು ಬಂದೇ ಬರುತ್ತದೆ. ಹೆಚ್ಚೆಂದರೆ ಒಬ್ಬಿಬ್ಬರು ಪ್ರಕಾಶಕರು ರೇಡಿಯೋ ಆರಿಸಬಹುದು.

ಬರಹ ಮತ್ತು ದುಡ್ಡು ಎಂದಾಗಲೆಲ್ಲ ಈ ಊರಿನವನಿಗೆ ಮೊದಲು ನೆನಪಾಗುವುದು ಆರ್.ಕೆ. ನಾರಾಯಣ್. ಮೇಷ್ಟರ ಕೆಲಸ ತಮಗೆ ಒಗ್ಗುವುದಿಲ್ಲವೆಂದು ಬಿಟ್ಟು ಬಂದು, ನಾನು ಬರೆದೇ ಬದುಕುತ್ತೇನೆ ಎಂದು ಮನೆಯಲ್ಲಿ ಕೂತರಂತೆ. ಆ ಮೊದಲ ವರ್ಷದ ಒಟ್ಟು ಸಂಪಾದನೆ ಒಂಬತ್ತು ರೂಪಾಯಿ ಹನ್ನೆರಡಾಣೆ. ಅವರೇ ತಮ್ಮ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅಚ್ಚಾದ ಅವರ ಮೊದಲ ಬರಹ ಯಾವುದು ಗೊತ್ತೇ? ಹದಿನೇಳನೇ ಶತಮಾನದ ಇಂಗ್ಲೆಂಡಿನ ಕಡಲ ಕಾನೂನಿನ ಮೇಲೆ ಬಂದ ಒಂದು ಪುಸ್ತಕದ ವಿಮರ್ಶೆ. ಕುಕ್ಕರಹಳ್ಳಿ ಕೆರೆಯಷ್ಟೇ ದೊಡ್ಡ ನೀರಿರುವ ಊರಿನಲ್ಲಿ ಕೂತು ಸಮುದ್ರದ ಕಾನೂನು ವಿಮರ್ಶಿಸಿದ ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಮದುವೆಯಾದ ಮೇಲೆ ಮದರಾಸಿನ ಒಂದು ಪತ್ರಿಕೆಗೆ ಮೈಸೂರಿನ ಸುದ್ದಿ ಕಳಿಸುವ ಕೆಲಸ ಹಿಡಿದರು. ಅಚ್ಚಾದ ಸುದ್ದಿಯನ್ನು ಅಂಗುಲದಲ್ಲಿ ಅಳೆದು ದುಡ್ಡು. ಅಕ್ಷರವನ್ನು ಬಟ್ಟೆ ಅಂಗಡಿಯಲ್ಲಿ ಅಳೆದಂತೆ ಅಳೆಯುವ ಪದ್ಧತಿ ನೋಡಿ. ಗಜಕ್ಕೆ ಹೆಚ್ಚು ಬಂದೀತೆಂದು ಮಾತನ್ನು ಎಳೆಯುವ ಚಟ ಅವರಿಗೆ ಹತ್ತಲಿಲ್ಲ, ಅದು ನಮ್ಮ ಪುಣ್ಯ.

ಮೊದಲ ಕಾದಂಬರಿ ಒಂದಾದ ಮೇಲೊಂದು ಪ್ರಕಾಶಕರಿಂದ ವಾಪಸು ಬಂದಾಗ, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಮಾತು ಕೇಳಲಿಲ್ಲ, ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಬಂತು. ಮಾತು ಕೇಳದ ಗೆಳೆಯರು ಲೇಖಕನಿಗೆ ಎಷ್ಟು ಮುಖ್ಯ! ನನ್ನ ಗೆಳೆಯರೆಲ್ಲ ಹೇಳಿದ ಮಾತು ಚಾಚೂ ತಪ್ಪದೆ ಕೇಳುವವರು. ‘ಪುಸ್ತಕ ನಿಧಾನವಾಗಿ ಓದಿ, ಅವಸರವೇನಿಲ್ಲ’ ಎಂದು ಒಮ್ಮೆ ಬಾಯಿ ಜಾರಿ ಹೇಳಿದ್ದೆ. ಹನ್ನೆರಡು ವರ್ಷವಾಯಿತು, ಇನ್ನೂ ಅವಸರ ಮಾಡಿಲ್ಲ.

ನಾರಾಯಣ್ ಅವರ ಕಾದಂಬರಿಗಳಲ್ಲಿ ನನಗೆ ತುಂಬ ಹತ್ತಿರದ್ದು 1952ರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’. ಮಾರ್ಗಯ್ಯ ಸಹಕಾರಿ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನೆ. ಒಳಗಿನ ಬ್ಯಾಂಕಿನಿಂದ ಸಾಲ ಪಡೆಯುವ ಉಪಾಯವನ್ನು ಹೊರಗೆ ಹಳ್ಳಿಗರಿಗೆ ಮಾರುತ್ತಾನೆ. ಆಮೇಲೆ ಬೇರೊಬ್ಬ ಬರೆದ ಒಂದು ಪುಸ್ತಕವನ್ನು ಅಚ್ಚು ಹಾಕಿಸಿ ಸಾಹುಕಾರನಾಗುತ್ತಾನೆ. ಬರೆದವನಲ್ಲ, ಹಾಕಿಸಿದವನು! ಕಾದಂಬರಿಯಾದರೂ ಇದೊಂದು ವಿವರ ಕಟ್ಟುಕತೆ ಅಂತ ನನಗೆ ಅನ್ನಿಸಿಲ್ಲ. ಕೊನೆಗೆ ಎಲ್ಲ ಕಳೆದುಕೊಂಡು ಮತ್ತೆ ಅದೇ ಪೆಟ್ಟಿಗೆ, ಅದೇ ಮರ. ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಂಪರ್ಕ ಕಡಿದಾಗ ನಾರಾಯಣ್ ಅವರೂ ಮೈಸೂರಿನಲ್ಲಿ ತಮ್ಮದೇ ಪ್ರಕಾಶನ ಶುರುಮಾಡಿದರು. ಮಾರ್ಗಯ್ಯನನ್ನು ಬರೆಯುವ ಮುಂಚೆಯೇ ಪೆಟ್ಟಿಗೆಯ ಮಹಿಮೆ ಅವರಿಗೆ ತಿಳಿದಿತ್ತು.

ಕನ್ನಡದಲ್ಲಿ ಈ ಪೆಟ್ಟಿಗೆ ಹೊರುವ ಪರಂಪರೆ ಇನ್ನೂ ಹಳೆಯದು. ಹಾವೇರಿ ಕಡೆಯ ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಕಾದಂಬರಿ ಭಾರವಾಗಿದೆ ಎಂದು ವಿಮರ್ಶಕರು ಹೇಳುವುದುಂಟು. ಅವರಿಗೆ ಅದು ಅಕ್ಷರಶಃ ಗೊತ್ತಿತ್ತು. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟು, ಬರೆದು, ಅಚ್ಚು ಮಾಡಿ, ಮಾರಿದವರು. ಅನಕೃ ಅವರು ನೂರಕ್ಕೂ ಮಿಕ್ಕಿ ಕಾದಂಬರಿ ಬರೆದು ಬರವಣಿಗೆಯಿಂದಲೇ ಬದುಕಿದವರು. ಎಷ್ಟು ಬರೆದಿರಿ ಎಂದು ಅವರನ್ನು ಮೆಚ್ಚುವಾಗ ನಾವು ಮರೆಯುವುದು, ಅಷ್ಟು ಬರೆಯದಿದ್ದರೆ ಮನೆ ನಡೆಯುತ್ತಿರಲಿಲ್ಲ ಎಂಬುದನ್ನು.

ನನಗೆ ಅಷ್ಟು ಎದೆಗಾರಿಕೆ ಇರಲಿಲ್ಲ. ನಾನು ಬ್ಯಾಂಕ್ ಸೇರಿದೆ. ಹೆಣ್ಣು ನೋಡಲು ಹೋದಾಗ ನಮ್ಮಮ್ಮ, “ಬ್ಯಾಂಕಲ್ಲಿ ಖಾಯಂ ಕೆಲಸ” ಎಂದು ಹೇಳಿ, ಸ್ವಲ್ಪ ತಡೆದು, “ಕತೆಗಿತೆ ಬರೀತಾನೆ” ಎಂದರು. ಹುಡುಗನಿಗೆ ಸಣ್ಣಗೆ ಉಬ್ಬಸ ಇದೆ, ಮೊದಲೇ ಹೇಳಿಬಿಡೋಣ ಎನ್ನುವ ದನಿ. ಮುಂದೆ ನನ್ನ ಮಾವನಾದವರು ಗಂಭೀರವಾಗಿ ಯೋಚಿಸಿ, “ಆಫೀಸ್ ಟೈಮಲ್ಲಿ ಬರೆಯಲ್ಲ ತಾನೆ?” ಎಂದು ಕೇಳಿದರು. ಇಲ್ಲ ಎಂದೆ. ಮದುವೆಯಾಯಿತು. ಆ ಮಾತನ್ನು ಪೂರ್ತಿ ಉಳಿಸಿಕೊಂಡೆನೆಂದು ಆಕಾಶವಾಣಿಯ ಮೂಲಕ ಸುಳ್ಳು ಹೇಳಲಾರೆ.

ನಮ್ಮ ದೇಶದಲ್ಲಿ ಸಂಬಳ ಕೇಳುವುದು ತಪ್ಪಲ್ಲ. ಮೈಸೂರಿನಲ್ಲಿ ರೈಲು ಹತ್ತಿದರೆ ಶ್ರೀರಂಗಪಟ್ಟಣಕ್ಕೆ ಊರು ಯಾವುದು ಎಂದು, ಪಾಂಡವಪುರಕ್ಕೆ ಮಕ್ಕಳೆಷ್ಟು ಎಂದು, ಮಂಡ್ಯ ಬರುವ ಹೊತ್ತಿಗೆ ಸಂಬಳ ಎಷ್ಟು ಎಂದು ಕೇಳಿ ಮುಗಿಸುತ್ತಾರೆ. ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಮನೆದೇವರು ಯಾವುದು ಎಂದು ವಿಚಾರಿಸುತ್ತಾರೆ. ಒಮ್ಮೆ ನನ್ನ ಪಕ್ಕದಲ್ಲಿ ಕೂತ ಬೆಲ್ಲದ ವ್ಯಾಪಾರಿಯೊಬ್ಬರಿಗೆ ನಾನು ಕಾದಂಬರಿ ಬರೆಯುವವನೆಂದು ತಿಳಿಯಿತು. “ಒಂದು ಬುಕ್ಕಿಗೆ ಎಷ್ಟು ಸಿಗತ್ತೆ ಸಾರ್?” ಎಂದರು. ಹೇಳಿದೆ: ಪುಸ್ತಕದ ಬೆಲೆ 250 ರೂಪಾಯಿ, ಅದರಲ್ಲಿ ನೂರಕ್ಕೆ ಹತ್ತು ನನಗೆ, ಅಚ್ಚಾಗುವುದು 500 ಪ್ರತಿ, ಎಲ್ಲ ಮಾರಿದರೆ 12,500. “ಬರೆಯೋಕೆ?” ಎಂದರು. ಮೂರು ವರ್ಷ ಎಂದೆ. ಅವರು ಕಣ್ಣು ಮುಚ್ಚಿ ತುಟಿ ಅಲುಗಿಸಿ, “ತಿಂಗಳಿಗೆ ಮುನ್ನೂರ ನಲವತ್ತೇಳು. ದಿನಕ್ಕೆ ಹನ್ನೊಂದೂವರೆ” ಎಂದರು. ಆಮೇಲೆ ಮಾತಾಡಲಿಲ್ಲ. ಮದ್ದೂರು ಬಂದಾಗ ನನ್ನ ವಡೆಗೂ ಅವರೇ ದುಡ್ಡು ಕೊಟ್ಟರು.

ಈ ನೂರಕ್ಕೆ ಹತ್ತರ ಹೆಸರು ರಾಯಧನ. ರಾಜಧನ ಎಂದೂ ಹೇಳುತ್ತಾರೆ. ಜಲ್ಲಿ, ಮರಳು ತೆಗೆಯುವವರು ಸರ್ಕಾರಕ್ಕೆ ಕಟ್ಟುವುದಕ್ಕೂ ಅದೇ ಹೆಸರು. ಜಲ್ಲಿಯ ರಾಜಧನ ಲಾರಿ ತೂಕದ ಮೇಲೆ ಬರುತ್ತದೆ, ನಮ್ಮದು ಪ್ರಕಾಶಕರ ಮನಸ್ಸಿನ ಮೇಲೆ ಬರುತ್ತದೆ. ಒಬ್ಬ ಪ್ರಕಾಶಕರು ನನಗೆ ರಾಯಧನದ ಬದಲು ನನ್ನದೇ ಪುಸ್ತಕದ ಅರವತ್ತು ಪ್ರತಿ ಆಟೋದಲ್ಲಿ ಕಳಿಸಿದ್ದರು. ಆಟೋ ಬಾಡಿಗೆ ನಾನು ಕೊಟ್ಟೆ.

ಆದರೂ ದೆಹಲಿಯಲ್ಲಿ ನಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದಿರಬೇಕು. 1961ರ ಆದಾಯ ತೆರಿಗೆ ಕಾಯ್ದೆಗೆ ಆಮೇಲೆ 80ಕ್ಯೂಕ್ಯೂಬಿ ಎಂಬ ಕಲಮು ಸೇರಿಸಿದರು. ಲೇಖಕನ ರಾಯಧನದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ತೆರಿಗೆ ವಿನಾಯಿತಿ ಎಂದು ಅದರಲ್ಲಿತ್ತು. ನಾನದನ್ನು ಓದಿ ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ. ಮೂರು ಲಕ್ಷಕ್ಕಿಂತ ಹೆಚ್ಚು ದುಡಿಯುವ ಕಾದಂಬರಿಕಾರನನ್ನು ಊಹಿಸಿಕೊಂಡು ಕಾಯ್ದೆ ಬರೆದ ಆ ಅಧಿಕಾರಿಯ ಕಲ್ಪನಾಶಕ್ತಿ ನನಗಿದ್ದಿದ್ದರೆ ನಾನು ಎಲ್ಲೋ ಇರುತ್ತಿದ್ದೆ. ಇನ್ನೊಂದು ಕಾನೂನು, ಐದು ಸಾವಿರ ರೂಪಾಯಿ ಮೀರಿದ ರಶೀತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಬೇಕು ಎಂಬುದು. ನನ್ನ ಪರ್ಸಿನಲ್ಲಿ ಒಂದು ಸ್ಟಾಂಪು ಬಹಳ ವರ್ಷದಿಂದ ಇದೆ. ಅಂಟು ಪೂರ್ತಿ ಹೋಗಿದೆ.

ಇನ್ನು ಕೃತಿಸ್ವಾಮ್ಯ. ಲೇಖಕ ಸತ್ತ ಮೇಲೂ 50 ವರ್ಷ ಇರುತ್ತಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಅವಧಿ ಮುಗಿಯುತ್ತ ಬಂದಾಗ ಅದನ್ನು 60ಕ್ಕೆ ಏರಿಸಿದರು. ಠಾಕೂರರ ಪುಣ್ಯದಿಂದ ನನ್ನ ಮೊಮ್ಮಕ್ಕಳಿಗೂ ಹತ್ತು ವರ್ಷ ಹೆಚ್ಚಿಗೆ ಸಿಕ್ಕಿದೆ. ಈ ಸುದ್ದಿಯನ್ನು ಮಗಳಿಗೆ ಹೇಳಿದೆ. “ಆ ಅರವತ್ತು ಪ್ರತಿಗಳೂ ನಮಗೇ ಬರತ್ತಾ ಅಪ್ಪ?” ಎಂದಳು.

ಹೀಗೆ ಹೇಳುತ್ತ ಹೋದರೆ ಕಾದಂಬರಿಕಾರನಿಗೆ ದುಡ್ಡು ಸಿಗದಿರುವುದೊಂದೇ ದುಃಖ ಎಂದು ನೀವು ತಿಳಿಯಬಹುದು. ಸಿಗದಿದ್ದರೂ ದುಡ್ಡಿನಷ್ಟು ಒಳ್ಳೆಯ ವಸ್ತು ಅವನಿಗೆ ಬೇರೆ ಇಲ್ಲ. ನಮ್ಮ ತಂದೆ ಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಸಾಲದ ಪುಸ್ತಕ. ಮೊದಲ ಪುಟದಲ್ಲಿ ‘ಶ್ರೀ’. ಆಮೇಲೆ ಮನುಷ್ಯರು. ‘ಮೂಲೆಮನೆ ಅಜ್ಜಿ, ಬೆಲ್ಲ ಅರ್ಧ ಅಚ್ಚು.’ ‘ಗೌಡರ ಕಿರಿ ಸೊಸೆ, ಹುಣಸೆಹಣ್ಣು ಕಾಲು ಸೇರು, ಅತ್ತೆಗೆ ಹೇಳಬಾರದು.’ ಊರಿನಲ್ಲಿ ಯಾರಿಗೆ ಎಷ್ಟು ತಿಂಗಳು, ಯಾರ ಮನೆಗೆ ನೆಂಟರು ಬಂದು ಹೋಗುತ್ತಿಲ್ಲ, ಯಾವ ಮಗ ಪಟ್ಟಣದಿಂದ ದುಡ್ಡು ಕಳಿಸುವುದು ನಿಲ್ಲಿಸಿದ, ಎಲ್ಲ ಅದರಲ್ಲಿತ್ತು. ಸಾಲ ಇಟ್ಟುಕೊಂಡು ಯಾರಾದರೂ ತೀರಿಕೊಂಡರೆ ನಮ್ಮಪ್ಪ ಮನೆಯವರನ್ನು ಕೇಳುತ್ತಿರಲಿಲ್ಲ, ಲೆಕ್ಕ ಹೊಡೆದೂ ಹಾಕುತ್ತಿರಲಿಲ್ಲ. ಕೆಳಗೆ ‘ಶಿವನ ಲೆಕ್ಕಕ್ಕೆ’ ಎಂದು ಬರೆದು ಪುಟ ತಿರುವುತ್ತಿದ್ದರು. ಒಂದು ಅಧ್ಯಾಯವನ್ನು ಎಲ್ಲಿ ನಿಲ್ಲಿಸಬೇಕೆಂದು ನಾನು ಕಲಿತದ್ದು ಅಲ್ಲಿ.

ಬ್ಯಾಂಕಿನಲ್ಲಿ ನನ್ನನ್ನು ಬಹಳ ಕಾಲ ಚಿನ್ನದ ಸಾಲದ ಮೇಜಿನಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಒರೆಗಲ್ಲು ಹಿಡಿದ ಅಕ್ಕಸಾಲಿಗರು. ಜೂನ್ ತಿಂಗಳು ಬಂತೆಂದರೆ ಸಾಲು. ಸ್ಕೂಲ್ ಫೀಸು, ಬಿತ್ತನೆ ಬೀಜ, ಗೊಬ್ಬರ. ಹೆಂಗಸರು ತಾಳಿಯನ್ನು ಅರಿಶಿನದ ದಾರಕ್ಕೆ ಕಟ್ಟಿಕೊಂಡು ಸರ ಬಿಚ್ಚಿ ತರುತ್ತಿದ್ದರು. ಕಾರಣ ಕೇಳಿದರೆ ಗಂಡ ಹೇಳುವುದೊಂದು, ಆಕೆಯ ಮುಖ ಹೇಳುವುದು ಇನ್ನೊಂದು. ಒಂದು ಸಲ ಒಬ್ಬಾಕೆ ಸಹಿ ಹಾಕಿ, ಗಂಡ ಕ್ಯಾಷ್ ಕೌಂಟರಿನ ಕಡೆ ಹೋದಾಗ ಬಗ್ಗಿ ಮೆಲ್ಲಗೆ ಕೇಳಿದರು: “ಸ್ವಾಮಿ, ಗೌರಿ ಹಬ್ಬಕ್ಕೆ ಒಂದು ದಿನ ಕೊಡ್ತೀರಾ? ಹಾಕ್ಕೊಂಡು, ಮಾರನೇ ದಿನ ನಾನೇ ತಂದ್ಕೊಡ್ತೀನಿ.” ನಿಯಮದಲ್ಲಿ ಇಲ್ಲಮ್ಮ ಎಂದೆ. “ಹಂಗಾದ್ರೆ ಬಿಡಿ, ಜ್ವರ ಅಂತ ಹೇಳಿ ಮಲಗ್ತೀನಿ” ಎಂದರು. ನನ್ನ ಎರಡನೇ ಕಾದಂಬರಿ ಆ ಜ್ವರದಿಂದ ಶುರುವಾಗುತ್ತದೆ. ಆಕೆಗೆ ನಾನು ರಾಯಧನ ಕೊಡಲಿಲ್ಲ. ಪ್ರಕಾಶಕರನ್ನು ಬೈಯುವಾಗ ಇದು ನಡುವೆ ನಡುವೆ ನೆನಪಾಗಿ ದನಿ ತಗ್ಗುತ್ತದೆ.

ನಮ್ಮ ದೊಡ್ಡ ಕಾದಂಬರಿಗಳನ್ನು ಒಮ್ಮೆ ಹೀಗೂ ಓದಿ ನೋಡಿ. ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳನ್ನು ಕಾಫಿ ತೋಟಕ್ಕೆ ಎಳೆಯುವುದು ಸಾಲ. ‘ಸಂಸ್ಕಾರ’ದಲ್ಲಿ ಹೆಣ ಯಾರು ಎತ್ತಬೇಕೆಂಬ ಧರ್ಮಸೂಕ್ಷ್ಮದ ನಡುವೆ ಚಂದ್ರಿ ಒಡವೆ ಬಿಚ್ಚಿಟ್ಟ ಗಳಿಗೆಯಿಂದ ಸೂಕ್ಷ್ಮ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆದು ಮಕ್ಕಳ ಹೊಟ್ಟೆ ತುಂಬಿಸುತ್ತಾಳೆ. ಕನ್ನಡ ಕಾದಂಬರಿ ಲೋಕದಲ್ಲಿ ಬರವಣಿಗೆಯಿಂದ ಸಂಸಾರ ಸಾಗಿಸಿದವರು ಯಾರು ಎಂದು ನನ್ನನ್ನು ಕೇಳಿದರೆ ನಾನು ಮೊದಲು ನಂಜಮ್ಮನ ಹೆಸರು ಹೇಳುತ್ತೇನೆ. ಆಕೆ ಬರೆದದ್ದರಲ್ಲಿ ಒಂದು ಅಂಕಿಯೂ ವ್ಯರ್ಥವಿಲ್ಲ.

ವ್ಯರ್ಥ ಎಂದಾಗ ನೆನಪಾಯಿತು. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಕೇಳುಗರೇ, ನೀವು ಮನೆ ಕಂದಾಯ ಕಟ್ಟುವವರಾದರೆ, ನಿಮಗೆ ಗೊತ್ತಿಲ್ಲದೆ ನೀವು ನನ್ನಂಥವರ ಪೋಷಕರು. ಆ ಕರದಲ್ಲಿ ಗ್ರಂಥಾಲಯಗಳಿಗೆ ಕೊಳ್ಳುವ ಪುಸ್ತಕಕ್ಕೆ ದುಡ್ಡು ಕೊಡುವುದು ಪುಟದ ಲೆಕ್ಕದಲ್ಲಿ. ನನ್ನ ಒಂದು ಹಸ್ತಪ್ರತಿ ಓದಿದ ಪ್ರಕಾಶಕರು ಫೋನ್ ಮಾಡಿದರು. “ಸಾರ್, ತುಂಬ ಚೆನ್ನಾಗಿದೆ. ಆದ್ರೆ ನಿಮ್ಮ ನಾಯಕಿ ಬೇಗ ಹೋಗ್ಬಿಡ್ತಾಳೆ. ಇನ್ನೊಂದೆರಡು ಫಾರಂ ಬದುಕಿಸಿ.” ಒಂದು ಫಾರಂ ಎಂದರೆ ಹದಿನಾರು ಪುಟ. ನಾನು ಸ್ವಾಭಿಮಾನದಿಂದ ಆಗುವುದಿಲ್ಲ ಎಂದೆ. ರಾತ್ರಿ ಮಲಗಿ ಯೋಚಿಸಿದೆ. ಪಾಪ, ಚಿಕ್ಕ ವಯಸ್ಸು. ಮೂವತ್ತೆರಡು ಪುಟ ಬದುಕಿದಳು. ಆ ಪುಟಗಳಲ್ಲಿ ಅವಳಿಗೆ ಕಿಟಕಿಯಿಂದ ಮಳೆ ನೋಡುವುದು ಬಿಟ್ಟರೆ ಬೇರೆ ಕೆಲಸ ಕೊಡಲು ನನಗೆ ಆಗಲಿಲ್ಲ. ಒಬ್ಬ ವಿಮರ್ಶಕರು ಆ ಮಳೆಯನ್ನು ತುಂಬ ಹೊಗಳಿದರು.

ನನಗೆ ಕೊಟ್ಟ ನಿಮಿಷಗಳು ಕರಗುತ್ತಿವೆ, ಗಾಜಿನ ಆಚೆಯಿಂದ ಕೈಸನ್ನೆ ಬರುವ ಮುಂಚೆ ಒಂದು ಮದುವೆಯ ವಿಷಯ ಹೇಳಬೇಕು. ಹಳೇ ಮೈಸೂರು ಕಡೆಯವರಿಗೆ ಮುಯ್ಯಿ ಎಂದರೇನೆಂದು ವಿವರಿಸಬೇಕಿಲ್ಲ. ಮದುವೆಯಲ್ಲಿ ನೆಂಟರು ಕೊಟ್ಟ ಉಡುಗೊರೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯಲ್ಲಿ ಶುಭಕಾರ್ಯವಾದಾಗ ಅಷ್ಟನ್ನೋ, ಒಂದು ರೂಪಾಯಿ ಸೇರಿಸಿಯೋ ಹಿಂದಿರುಗಿಸುವುದು. ಹಗೆ ತೀರಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಮುಯ್ಯಿ ಎಂದೇ ಹೆಸರು. ನಮ್ಮ ಹಿರಿಯರಿಗೆ ನೆಂಟಸ್ತನದ ಒಳಗುಟ್ಟು ಚೆನ್ನಾಗಿ ತಿಳಿದಿತ್ತು. ಉಡುಗೊರೆ ಕೊಡುವುದಕ್ಕೆ ‘ಓದಿಸುವುದು’ ಎನ್ನುತ್ತೇವೆ. ಕೊಟ್ಟದ್ದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಅದಕ್ಕೆ. ಬರೆದದ್ದನ್ನು ಓದಿಸಲಾರದೆ ಒದ್ದಾಡುವ ನನ್ನಂಥವನಿಗೆ ಆ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ.

ನನ್ನ ಸೋದರತ್ತೆಯ ಮಗನ ಮನೆ ಮದುವೆ, ಹಾಸನದ ಕಡೆಯ ಹಳ್ಳಿ. ಆಲೂಗಡ್ಡೆ ಬೆಳೆಯುವ ಜನ. ತಿಂಗಳ ಕೊನೆ, ಕೈಯಲ್ಲಿ ದುಡ್ಡಿರಲಿಲ್ಲ, ನನ್ನ ಮೊದಲ ಕಾದಂಬರಿ ಆಗಷ್ಟೇ ಬಂದಿತ್ತು. ಬಣ್ಣದ ಕಾಗದ ಸುತ್ತಿಕೊಂಡು ಹೋದೆ. ಮೈಕು ಹಿಡಿದು ಮುಯ್ಯಿ ಬರೆಯುತ್ತಿದ್ದವರು ನಿವೃತ್ತ ಮೇಷ್ಟರು. “ಏನಂತ ಬರ್ಕೊಳ್ಳಲಪ್ಪ?” ಎಂದರು. ಪುಸ್ತಕ ಎಂದೆ. “ಅದು ಕಾಣ್ತದೆ. ಬೆಲೆ?” ತೊಂಬತ್ತು ರೂಪಾಯಿ ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಬೆಲೆ ಓದದೆ, “ಪುಸ್ತಕ ಒಂದು” ಎಂದು ಮೈಕಿನಲ್ಲಿ ಕೂಗಿದರು. ನನ್ನ ಹಿಂದಿನವರದು ಸ್ಟೀಲ್ ಬಿಂದಿಗೆ ಒಂದು. ಮುಂದಿನವರದು ನೂರ ಒಂದು ರೂಪಾಯಿ. ನಡುವೆ ಸಾಹಿತ್ಯ.

ಹದಿನಾಲ್ಕು ವರ್ಷ ಕಳೆದು ನನ್ನ ಮಗಳ ಮದುವೆಯಾಯಿತು. ಆ ಮನೆಯವರೆಲ್ಲ ಮಿನಿಬಸ್ಸು ಮಾಡಿಕೊಂಡು ಬಂದರು. ನನ್ನ ಸೋದರತ್ತೆಯ ಮಗ ಕಾಗದ ಸುತ್ತಿದ ಒಂದು ಪೊಟ್ಟಣ ಕೈಗಿಟ್ಟು, “ಭಾವ, ಪುಸ್ತಕ ತೆಗೆಸಿ ನೋಡ್ದೆ. ನೀವು ಓದ್ಸಿದ್ದು ಇದೇ” ಎಂದ. ಬಿಚ್ಚಿದರೆ ನನ್ನ ಅದೇ ಕಾದಂಬರಿ. ಅವನ ಮನೆಯ ಪ್ರತಿಯನ್ನೇ ತಂದನೋ ಎಂದುಕೊಂಡೆ. ಅಲ್ಲ, ಹೊಸದು. ಅದಕ್ಕಾಗಿ ಹಾಸನದ ಅಂಗಡಿಗೆ ಎರಡು ಸಲ ಅಲೆದಿದ್ದನಂತೆ. ಬೇರೆ ಯಾವುದಾದರೂ ಪುಸ್ತಕ ಆಗುತ್ತಿತ್ತಲ್ಲ ಎಂದದ್ದಕ್ಕೆ, “ಬಿಂದಿಗೆಗೆ ಬಿಂದಿಗೆ ತಾನೆ ಕೊಡೋದು, ಚೊಂಬು ಕೊಡ್ತಾರಾ?” ಎಂದ. ಬೆಲೆ ನೋಡಿದೆ, 90 ರೂಪಾಯಿ. ಹದಿನಾಲ್ಕು ವರ್ಷದಲ್ಲಿ ಮೊದಲ ಮುದ್ರಣ ಮುಗಿದಿರಲಿಲ್ಲವಾದ್ದರಿಂದ ಮುಯ್ಯಿ ಪೈಸೆಗೆ ಪೈಸೆ ಸರಿಹೋಯಿತು.

ಆ ವರ್ಷದ ಲೆಕ್ಕ ಪ್ರಕಾಶಕರಿಂದ ಬಂತು. ಮಾರಾಟವಾದ ಪ್ರತಿ: ಒಂದು. ರಾಯಧನ: ಒಂಬತ್ತು ರೂಪಾಯಿ. ನಾರಾಯಣ್ ಅವರಿಗಿಂತ ಹನ್ನೆರಡಾಣೆ ಕಡಿಮೆ.

ಮೊನ್ನೆ ನನ್ನ ಹೆಂಡತಿ ಮುಯ್ಯಿ ಪುಸ್ತಕ ತೆಗೆದು, ಬೆರಳಿಟ್ಟು ತೋರಿಸಿ, “ಅವರ ಮಗಂಗೆ ಮಾಘದಲ್ಲಿ ಮದುವೆಯಂತೆ. ನಿಮ್ಮ ಹೊಸಾದು ಅಷ್ಟೊತ್ತಿಗೆ ಮುಗಿಯತ್ತಾ, ಇಲ್ಲ ಬಿಂದಿಗೆ ತರಲಾ?” ಎಂದು ಕೇಳಿದಳು. ನಾನೀಗ ನೂರ ಎಂಬತ್ತನೇ ಪುಟದಲ್ಲಿದ್ದೇನೆ.